ಅವಳ ಕೈಗೆ ಮಗು ಕೊಡಬಹುದಾ?

"ನನ್ನ ಸೊಸೆಗೆ ಸ್ಕಿಜೋಫ್ರೇನಿಯಾ ಅಂತ ಡಾಕ್ಟರು ಹೇಳಿದ್ದಾರೆ. ಐದು ತಿಂಗಳ ಕೂಸಿದೆ. ಅವಳ ಕೈಗೆ ಕೊಡಬಹುದಾ? ಏನಾದ್ರೂ ಮಾಡಿಬಿಟ್ಟರೆ?"

ಅರಸೀಕೆರೆ ಕಡೆಯ ಒಬ್ಬ ಅಜ್ಜಿ ಕೇಳಿದ ಪ್ರಶ್ನೆ. ಹೋದ ತಿಂಗಳು ಬೇಲೂರಿನವರೊಬ್ಬರು ಇದನ್ನೇ ಕೇಳಿದ್ದರು. ಅದಕ್ಕೂ ಮುಂಚೆ ಸಕಲೇಶಪುರದ ಹತ್ತಿರ ಕಾಫಿ ತೋಟದ ಲೈನ್ ಮನೆಯಲ್ಲಿರುವ ಒಬ್ಬ ಗಂಡ ಕೇಳಿದ್ದ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ನನಗೂ ಸಾಕಾಗಿದೆ, ಅದಕ್ಕೇ ಈ ಸಲ ಬರೆದೇ ಇಡುತ್ತಿದ್ದೇನೆ.

ಸ್ಕಿಜೋಫ್ರೇನಿಯಾ ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬಿಸುವ ಮನಸ್ಸಿನ ಕಾಯಿಲೆ. ಆದರೆ ಕಾಯಿಲೆಯ ಹೆಸರು ನೋಡಿ ಇದಕ್ಕೆ ಉತ್ತರ ಹೇಳೋಕಾಗಲ್ಲ. ಅವಳು ಈ ವಾರ ಹೇಗಿದ್ದಾಳೆ ಅನ್ನೋದು ನೋಡಿ ಹೇಳಬೇಕು.

ಆದರೆ ಜನ ಹೆಸರಿಗೇ ಅಂಟಿಕೊಂಡುಬಿಡುತ್ತಾರೆ. ಸ್ಕಿಜೋಫ್ರೇನಿಯಾ ಅಂದರೆ ಯಾವ ಗಳಿಗೆಯಲ್ಲಿ ಏನು ಮಾಡಿಬಿಡ್ತಾಳೋ, ಹೆತ್ತ ಮಗು ಅಂತಲೂ ನೋಡಲ್ಲ ಅನ್ನೋ ನಂಬಿಕೆ. ಇದು ತಪ್ಪು. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಹಾಸನ ಜಿಲ್ಲೆಯಲ್ಲಿ 2011ರ ಜನಗಣತಿಯಲ್ಲೇ 17 ಲಕ್ಷಕ್ಕೂ ಜಾಸ್ತಿ ಜನ. ನೀವೇ ಭಾಗಿಸಿ ನೋಡಿ, ಐದು ಸಾವಿರಕ್ಕಂತೂ ಕಡಿಮೆ ಬರಲ್ಲ. ಅವರಲ್ಲಿ ಎಷ್ಟೋ ಜನ ತಾಯಂದಿರು. ಬೆಳಿಗ್ಗೆ ಎದ್ದು ಮಗುವಿಗೆ ತಿಂಡಿ ಮಾಡಿ, ಜಡೆ ಹಾಕಿ, ಸ್ಕೂಲ್ ವ್ಯಾನ್ ಹತ್ತಿಸಿ, ರಾತ್ರಿ ಮಾತ್ರೆ ನುಂಗಿ ಮಲಗುವವರು. ಅವರ ಸುದ್ದಿ ಪೇಪರಿನಲ್ಲಿ ಬರಲ್ಲ. ಯಾವಾಗಲೋ ಒಂದು ಅನಾಹುತ ಆದರೆ ಅದು ಮುಖಪುಟಕ್ಕೆ ಬರುತ್ತೆ, ಅದೊಂದನ್ನೇ ನಾವು ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತೇವೆ.

ಇನ್ನೊಂದು ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಸೇರಿಸಿಕೊಳ್ಳುವ ವಾರ್ಡ್ ಇದೆ. ಕಾಯಿಲೆ ತುಂಬಾ ಜೋರಾಗಿರುವ ಬಾಣಂತಿಯರು ಅಲ್ಲಿಗೆ ಬರುತ್ತಾರೆ, ಅಂಥವರ ಪಕ್ಕದಲ್ಲೂ ಕೂಸನ್ನು ಇರಿಸಿಕೊಂಡೇ ಚಿಕಿತ್ಸೆ ಕೊಡುತ್ತಾರೆ. ಕಣ್ಗಾವಲಿನಲ್ಲಿ ಅನ್ನಿ, ಆದರೂ ಕಿತ್ತುಕೊಳ್ಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಅದನ್ನೇ ಹೇಳುತ್ತೆ: ಆಸ್ಪತ್ರೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು. ಮಗುವಿಗೆ ಅಪಾಯ ಇದೆ ಅಂತ ಮನೋವೈದ್ಯರಿಗೆ ಅನಿಸಿದರೆ ಮಾಡಬಹುದು, ಆಗಲೂ 15 ದಿನಕ್ಕೊಮ್ಮೆ ಮತ್ತೆ ಪರಿಶೀಲಿಸಬೇಕು. ಕಾಯ್ದೆಯೇ ಇಷ್ಟು ಯೋಚನೆ ಮಾಡಿರುವಾಗ ಮನೆಯವರು ಚೀಟಿ ಮೇಲಿನ ಒಂದು ಪದ ನೋಡಿ ಕೂಸನ್ನು ಎತ್ತಿಕೊಂಡು ಹೋಗಿಬಿಡುವುದು ಯಾವ ನ್ಯಾಯ?

ಒಂದು ಮಂಗಳವಾರ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಸೆರಗನ್ನು ಎರಡು ಸುತ್ತು ಸುತ್ತಿ ಎದೆಗೆ ಒತ್ತಿ ಹಿಡಿದಿದ್ದಳು. ಚಳಿ ಆಗ್ತಿದೆಯೇನಮ್ಮಾ ಅಂತ ಕೇಳಿದೆ. ಕೈ ತೆಗೆದಳು. ಕುಪ್ಪಸ ಪೂರ್ತಿ ಹಾಲಲ್ಲಿ ನೆಂದಿತ್ತು. ಕೂಸನ್ನು ನಾದಿನಿ ಮನೆಗೆ ಕಳಿಸಿ ನಾಲ್ಕು ದಿನ ಆಗಿತ್ತು. ಮಾತ್ರೆ ಸರಿಯಾಗಿ ತಗೊಳ್ಳುತ್ತಿದ್ದಳು, ನಿದ್ದೆ ಚೆನ್ನಾಗಿತ್ತು, ಮಗುವಿನ ಬಗ್ಗೆ ಒಂದು ಕೆಟ್ಟ ಯೋಚನೆಯೂ ಇರಲಿಲ್ಲ. ಅವಳದು ಯಾವ ತಪ್ಪು ಹೇಳಿ.

ಹಾಗಂತ ಅಪಾಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಎಲ್ಲಿದೆ ಅನ್ನೋದು ಮುಖ್ಯ.

ಎಲ್ಲಕ್ಕಿಂತ ಮೊದಲು, ಅವಳು ಮಗುವಿನ ಬಗ್ಗೆ ಏನು ಹೇಳುತ್ತಾಳೆ ಕೇಳಿಸಿಕೊಳ್ಳಿ. "ಇದು ನನ್ನ ಮಗು ಅಲ್ಲ, ಯಾರೋ ಬದಲಾಯಿಸಿದ್ದಾರೆ", "ಇದರೊಳಗೆ ಬೇರೇನೋ ಸೇರಿಕೊಂಡಿದೆ", "ಮಗುವನ್ನು ಎತ್ತಿ ಹಾಕು ಅಂತ ಕಿವಿಯಲ್ಲಿ ಹೇಳ್ತಾರೆ" ಇಂಥ ಮಾತು ಬಂದರೆ ಆ ಕ್ಷಣದಿಂದ ಅವಳನ್ನೂ ಮಗುವನ್ನೂ ಇಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ. ಭ್ರಮೆ ಮಗುವಿನ ಸುತ್ತಲೇ ಹೆಣೆದುಕೊಂಡಾಗ ಅಪಾಯ ಜಾಸ್ತಿ. ಪಕ್ಕದ ಮನೆಯವರು ಮಾಟ ಮಾಡಿಸಿದ್ದಾರೆ ಅನ್ನುವ ಭ್ರಮೆಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಇಷ್ಟೇ ಭಯಪಡಬೇಕಾದ ಇನ್ನೊಂದು ಮಾತಿದೆ. ಅದು ಪ್ರೀತಿಯಿಂದಲೇ ಬರುತ್ತೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. "ನಾನು ಸತ್ತರೆ ಇದಕ್ಕೆ ಯಾರು ಗತಿ, ಜೊತೆಗೇ ಕರಕೊಂಡು ಹೋಗ್ತೀನಿ." ಇದನ್ನು ಬೇಜಾರಿನ ಮಾತು ಅಂತ ಬಿಡಲೇಬೇಡಿ. ಇಂಥ ಯೋಚನೆ ಬರುತ್ತಾ ಅಂತ ಕೇಳಿದರೆ ಎಲ್ಲಿ ಅವಳ ತಲೆಗೆ ನಾವೇ ಅದನ್ನು ಹಾಕಿದಂತಾಗುತ್ತೋ ಅಂತ ಮನೆಯವರು ಹೆದರುತ್ತಾರೆ. ಹಾಗಾಗಲ್ಲ. ಮೆತ್ತಗೆ, ನೇರವಾಗಿ ಕೇಳಿ. ಎಷ್ಟೋ ತಾಯಂದಿರು ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ.

ಆಮೇಲೆ ಮಾತ್ರೆ. ಬಸುರಿ ಅಂತ ಗೊತ್ತಾದ ತಕ್ಷಣ "ಮಗುವಿಗೆ ಆಗಲ್ಲ" ಅಂತ ಮನೆಯವರೇ ನಿಲ್ಲಿಸಿಬಿಡುತ್ತಾರೆ, ಡಾಕ್ಟರನ್ನು ಒಂದು ಮಾತೂ ಕೇಳದೆ. ಅಲ್ಲಿಂದ ಕಾಯಿಲೆ ಮರುಕಳಿಸಿ ಬಾಣಂತನದ ಹೊತ್ತಿಗೆ ಮನೆ ರಣರಂಗ ಆಗಿರುತ್ತೆ. ಬಸುರಿಗೆ, ಹಾಲುಣಿಸುವವಳಿಗೆ ಯಾವ ಮಾತ್ರೆ ಆಗುತ್ತೆ, ಯಾವುದು ಬದಲಾಯಿಸಬೇಕು ಅಂತ ಮನೋವೈದ್ಯರಿಗೆ ಗೊತ್ತಿರುತ್ತೆ, ಕೇಳಿ. ಹೆರಿಗೆಯಾದ ಮೊದಲ ಎರಡು ವಾರ ತುಂಬಾ ಹುಷಾರಾಗಿರಬೇಕು. ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಅನ್ನುತ್ತಿದ್ದ, ಹೆರಿಗೆಯ ಬೆನ್ನಿಗೇ ಮನಸ್ಸು ಹದ ತಪ್ಪುವ ಕಾಯಿಲೆ ಇದೇ ಸಮಯದಲ್ಲಿ ಬರುವುದು. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುತ್ತೆ, ಮೊದಲು ಏನೂ ಕಾಯಿಲೆ ಇಲ್ಲದವರಿಗೂ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತಾ ವಾರ ಕಳೆಯಬೇಡಿ. ಅದು ತುರ್ತಾಗಿ ನೋಡಬೇಕಾದ ಕಾಯಿಲೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತೆ.

ಕುಡಿತ, ಮನೆಯಲ್ಲಿ ಗಂಡನ ಹೊಡೆತ, ಸಹಾಯಕ್ಕೆ ಯಾರೂ ಇಲ್ಲದಿರುವುದು ಇವೆಲ್ಲ ಯಾವ ತಾಯಿಯನ್ನಾದರೂ ಕಂಗೆಡಿಸುತ್ತವೆ. ಕಾಯಿಲೆ ಇರುವವಳನ್ನು ಇನ್ನೂ ಜಾಸ್ತಿ.

ಅರಸೀಕೆರೆಯ ಅಮ್ಮಾ, ನಿಮ್ಮ ಸೊಸೆ ಮಾತ್ರೆ ತಗೊಂಡು, ನಿದ್ದೆ ಮಾಡಿ, ಮಗುವಿನ ಜೊತೆ ನಕ್ಕು ಮಾತಾಡಿಕೊಂಡಿದ್ದರೆ ಕೂಸನ್ನು ಕೊಡಿ. ರಾತ್ರಿ ಮಾತ್ರ ತೊಟ್ಟಿಲನ್ನು ನಿಮ್ಮ ಪಕ್ಕ ಇಟ್ಟುಕೊಳ್ಳಿ. ಮಾತ್ರೆಯ ಮಂಪರಿನಲ್ಲಿ ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವುದು ಒಳ್ಳೆಯದಲ್ಲ, ಅವಳಿಗೆ ನಿದ್ದೆಯೂ ಕೆಡಬಾರದು. ಅನುಮಾನ ಬಂದರೆ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ, ನಡುರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕಟ್ಟಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇಷ್ಟು ಬರೆದ ಮೇಲೆ ಇನ್ನೊಂದು ವಿಷಯ ಹೇಳಲೇಬೇಕು, ಯಾರೂ ಕೇಳದಿದ್ದರೂ. ಮನೆಯಲ್ಲಿ ಏಳೆಂಟು ವರ್ಷದ ದೊಡ್ಡ ಮಗು ಇದ್ದರೆ ಅದಕ್ಕೆ ಏನು ಹೇಳುತ್ತೀರಿ? ಜಾಸ್ತಿ ಮನೆಗಳಲ್ಲಿ ಏನೂ ಹೇಳಲ್ಲ. ಅಮ್ಮ ಒಬ್ಬಳೇ ಮಾತಾಡುವುದನ್ನು ಮಗು ನೋಡುತ್ತೆ, ದೊಡ್ಡವರು ಪಿಸುಗುಡುವುದನ್ನೂ ಕೇಳುತ್ತೆ, ನನ್ನಿಂದಲೇ ಅಮ್ಮ ಹೀಗಾದಳು ಅಂದುಕೊಳ್ಳುತ್ತೆ. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗ, ತಾನು ಹೋಂವರ್ಕ್ ಮಾಡದ್ದಕ್ಕೇ ಅಮ್ಮನಿಗೆ ಕಾಯಿಲೆ ಬಂತು ಅಂತ ಒಂದು ವರ್ಷದಿಂದ ನಂಬಿಕೊಂಡಿದ್ದ. ಸುಮ್ನೆ ಹೇಳಿ: ಅಮ್ಮನ ತಲೆಗೆ ಕಾಯಿಲೆ ಆಗಿದೆ, ನಿನ್ನ ತಪ್ಪಲ್ಲ, ಮಾತ್ರೆ ತಗೋತಿದ್ದಾಳೆ, ಅಮ್ಮ ತುಂಬಾ ಗಾಬರಿಯಾದರೆ ನೀನು ಅತ್ತೆ ಮನೆಗೆ ಓಡು. ಆ ಹುಡುಗನಿಗೆ ನಾನು ಹೇಳಿದ್ದೂ ಅಷ್ಟೇ. "ಹಾಗಾದ್ರೆ ಇವತ್ತು ಹೋಂವರ್ಕ್ ಆಮೇಲೆ ಮಾಡಬಹುದಾ?" ಅಂತ ಕೇಳಿ, ಹೊರಗೆ ಕೂತಿದ್ದ ಅಮ್ಮನ ಹತ್ತಿರ ಓಡಿದ.