ಪದ ಪರಿಚಯ: ಗ್ರೌಂಡ್ ಗ್ಲಾಸ್

ಈ ಹೆಸರಿನ ‘ಗ್ರೌಂಡ್’ಗೂ ನೆಲಕ್ಕೂ ಸಂಬಂಧವಿಲ್ಲ. ಅರೆದದ್ದು, ತೇಯ್ದದ್ದು ಎಂದು ಅದರ ಅರ್ಥ. ಗಂಧದ ಕೊರಡು ತೇಯುವ ಹಾಗೆ ಒಂದು ಮೈಯನ್ನಷ್ಟೇ ನುಣ್ಣನೆಯ ಪುಡಿ ಹಾಕಿ ತೇಯ್ದು ಮಬ್ಬು ಮಾಡಿದ ಗಾಜು ಇದು. ಹಳೆಯ ಸ್ಟುಡಿಯೋಗಳಲ್ಲಿ ಫೋಟೋಗ್ರಾಫರ್ ಕರಿ ಬಟ್ಟೆ ಹೊದ್ದು ದಿಟ್ಟಿಸುತ್ತಿದ್ದದ್ದು ಇದನ್ನೇ. ಲೆನ್ಸಿನಿಂದ ಬಂದ ಬಿಂಬ ಅದರ ಮೇಲೆ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಮೂಡುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಮುಂದೆ ಕ್ಯಾಮೆರಾ ಹೂಡಿದರೆ ಗಾಜಿನಲ್ಲಿ ಶಿಖರ ಕೆಳಗೆ, ನೆಲ ಮೇಲೆ.

4×5 ಇಂಚು ಅಥವಾ ಅದಕ್ಕೂ ದೊಡ್ಡ ಬಿಡಿ ಹಾಳೆಯ ಫಿಲ್ಮಿಗೆ ಲಾರ್ಜ್ ಫಾರ್ಮ್ಯಾಟ್ ಎನ್ನುತ್ತಾರೆ. ಇಂಥ ಕ್ಯಾಮೆರಾ ಕಟ್ಟಲು ಕೈಹಾಕುವವರು ಮೊದಲು ಲೆನ್ಸ್ ಯಾವುದು, ತಿದಿಗೆ (ಲೆನ್ಸಿಗೂ ಗಾಜಿಗೂ ನಡುವಿನ ಮಡಿಕೆ ಚೀಲಕ್ಕೆ) ಬಟ್ಟೆ ಯಾವುದು ಎಂದು ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಗ್ರೌಂಡ್ ಗ್ಲಾಸಿನ ಬಗ್ಗೆ. ಅದನ್ನು ಬರೀ ಪರದೆ ಎಂದುಕೊಳ್ಳಬೇಡಿ. ಫಿಲ್ಮ್ ಬರುವ ತನಕ ಫಿಲ್ಮಿನ ಜಾಗದಲ್ಲಿ ಕೂತಿರುವ ಬದಲಿ ಆಳು ಅದು. ಇಬ್ಬರೂ ಕೂತುಕೊಳ್ಳುವ ಜಾಗ ಕೂದಲೆಳೆಯಷ್ಟು ಬೇರೆಯಾದರೂ ನೀವು ಕಂಡ ಚಿತ್ರ ಒಂದು, ಫಿಲ್ಮಿಗೆ ಬಿದ್ದ ಚಿತ್ರ ಇನ್ನೊಂದು.

ಹಾಗಾಗಿ ಮೊದಲ ನಿಯಮ: ತೇಯ್ದ ಮೈ ಲೆನ್ಸಿನ ಕಡೆಗೇ ಇರಬೇಕು. ಆಗ ಗಾಜಿನ ದಪ್ಪ ಲೆಕ್ಕಕ್ಕೆ ಬರುವುದಿಲ್ಲ. ತಿರುವುಮುರುವು ಕೂಡಿಸಿದರೆ 2 ಮಿ.ಮೀ. ಗಾಜಿನಲ್ಲಿ ಸುಮಾರು 1.3 ಮಿ.ಮೀ. ತಪ್ಪು ಬೀಳುತ್ತದೆ. ಲೆನ್ಸಿನ ಕಿಂಡಿ (ಅಪರ್ಚರ್) ಕಿರಿದಾಗಿಸಿ ಎಫ್ 22ರಲ್ಲಿ ತೆಗೆದ ಬಿಸಿಲಿನ ಚಿತ್ರದಲ್ಲಿ ಈ ತಪ್ಪು ಅಡಗಿಬಿಡುತ್ತದೆ, ಕಡಿಮೆ ಬೆಳಕಿಗೆ ಕಿಂಡಿ ಅಗಲಿಸಿದ ಎಫ್ 5.6ರಲ್ಲಿ ಮುಖ ಮಸುಕಾಗುತ್ತದೆ. ‘ಹಗಲು ಛಲೋ ಬರ್ತದ, ಒಳಗ ತೆಗೆದ್ರ ಮಬ್ಬು’ ಎಂಬ ದೂರು ಬಂದರೆ ಲೆನ್ಸನ್ನು ಬೈಯುವ ಮೊದಲು ಗಾಜನ್ನು ಉಗುರಿನಿಂದ ಕೆರೆದು ನೋಡಿ. ಒರಟು ಮೈ ಯಾವ ಕಡೆ ಇದೆಯೆಂದು ಬೆರಳೇ ಹೇಳುತ್ತದೆ.

ಫಿಲ್ಮಿನ ಬದಲು ಗಾಜಿನ ಪ್ಲೇಟ್ ಹಾಕುತ್ತಿದ್ದ ಹಳೆಯ ಹಾಫ್ ಪ್ಲೇಟ್, ಫುಲ್ ಪ್ಲೇಟ್ ಕ್ಯಾಮೆರಾಗಳಲ್ಲಿ, ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾದಂಥವುಗಳಲ್ಲಿ ಕೂಡ, ಮೊದಲು ಒಡೆಯುವುದು ಈ ಗಾಜೇ. ಆ ಜಾಗಕ್ಕೆ ಬಚ್ಚಲುಮನೆ ಕಿಟಕಿಯ ಪಿನ್‌ಹೆಡ್ ಗಾಜು ಹಾಕಿದರೆ ನಡೆಯುವುದಿಲ್ಲ. ಅದರ ಉಬ್ಬುತಗ್ಗಿನಲ್ಲಿ ಸಣ್ಣ ವಿವರ ಚೂರುಚೂರಾಗುತ್ತದೆ. ತಾತ್ಕಾಲಿಕವಾಗಿ ಸಾದಾ ಗಾಜಿನ ಒಳಮೈಗೆ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸಬಹುದು. ಆದರೆ ಸ್ವಂತ ಗಾಜು ತೇಯುವುದು ಅಷ್ಟೇನೂ ಕಷ್ಟವಲ್ಲ.

ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ 2 ಮಿ.ಮೀ. ಗಾಜನ್ನು ಕ್ಯಾಮೆರಾದಲ್ಲಿ ಅದು ಕೂರುವ ಚೌಕಟ್ಟಿಗಿಂತ ಉದ್ದಗಲದಲ್ಲಿ 1 ಮಿ.ಮೀ. ಕಡಿಮೆ ಅಳತೆಗೆ ಕೊಯ್ಸಿ. ಗದಗಿನ ಏಪ್ರಿಲ್ ಬಿಸಿಲಿಗೆ ಒಣಗಿ ಕುಗ್ಗುವ ಕಟ್ಟಿಗೆ, ಬಿಗಿಯಾಗಿ ಕೂತ ಗಾಜನ್ನು ಸೀಳಿಬಿಡುತ್ತದೆ. ಅಂಚನ್ನು ನೀರು ಹಚ್ಚಿದ ಸಾಣೆಕಲ್ಲಿನಿಂದ ಮೊದಲೇ ಮೊಂಡು ಮಾಡಿಕೊಳ್ಳಿ, ಇಲ್ಲವಾದರೆ ತೇಯುವಾಗ ಅಂಚಿನಿಂದ ಉದುರಿದ ಚೂರು ಗಾಜಿನ ಮೈಮೇಲೆಲ್ಲ ಗೀರು ಎಳೆಯುತ್ತದೆ. ಮೇಜಿನ ಮೇಲೆ ಒದ್ದೆ ಪೇಪರ್ ಹಾಸಿ ಗಾಜು ಇಟ್ಟು, ಕಾಲು ಚಮಚ 400 ನಂಬರಿನ ಸಿಲಿಕಾನ್ ಕಾರ್ಬೈಡ್ ಪುಡಿ, ಕೆಲವು ಹನಿ ನೀರು ಹಾಕಿ, ಅಂಗೈಯಗಲದ ಇನ್ನೊಂದು ಗಾಜಿನ ತುಂಡಿನಿಂದ ಇಂಗ್ಲಿಷಿನ ಎಂಟು ಬರೆದಂತೆ ತೇಯುತ್ತ ಹೋಗಿ. ಒತ್ತಬೇಡಿ. ಮೊದಲು ಕರಕರ ಸದ್ದು ಬರುತ್ತದೆ. ಪುಡಿ ಸವೆದಂತೆ ಸದ್ದು ಇಳಿದು ಕೈ ಜಾರತೊಡಗುತ್ತದೆ. ಆಗ ತೊಳೆದು ಹೊಸ ಪುಡಿ ಹಾಕಬೇಕು. ಗಾಜನ್ನು ಒರೆಸಿ ಒಣಗಿಸಿ ಕಿಟಕಿಗೆ ಹಿಡಿದರೆ ಇನ್ನೂ ಮಿಂಚುವ ಜಾಗ ಎದ್ದು ಕಾಣುತ್ತದೆ, ಸಾಮಾನ್ಯವಾಗಿ ಮೂಲೆಗಳು. ಎಲ್ಲ ಸಮ ಆದಮೇಲೆ ಗಾಜು, ಕೈ, ಮೇಜು ಎಲ್ಲ ತೊಳೆದುಕೊಂಡು ಇನ್ನೂ ನುಣ್ಣನೆಯ 600 ನಂಬರಿನ ಪುಡಿಯಿಂದ ಇನ್ನೊಂದು ಸುತ್ತು. 400ರ ಒಂದೇ ಒಂದು ಕಣ ಉಳಿದರೂ ಉದ್ದ ಗೆರೆ ಬೀಳುತ್ತದೆ. ಒಣ ಪುಡಿಯಲ್ಲಿ ಎಂದೂ ತೇಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹುಬ್ಬಳ್ಳಿಯಲ್ಲಿ ಸಲೀಸಾಗಿ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಕೂಡ ಗಾಜನ್ನು ಮಬ್ಬು ಮಾಡುತ್ತದೆ, ಆದರೆ ಅದರ ಕಣ ದಪ್ಪ. ಭೂತಗನ್ನಡಿಯಲ್ಲಿ ನೋಡಿದಾಗ ಚಿತ್ರಕ್ಕಿಂತ ಕಣವೇ ಹೆಚ್ಚು ಕಾಣುತ್ತದೆ. ತೇಯ್ದ ಮೈಮೇಲೆ ಪೆನ್ಸಿಲಿನಿಂದ 1 ಸೆಂ.ಮೀ.ಗೊಂದು ಗೆರೆ ಎಳೆದುಕೊಂಡರೆ ಗುಡಿಯ ಕಂಬ ವಾಲಿದೆಯೋ ಕ್ಯಾಮೆರಾ ವಾಲಿದೆಯೋ ತಿಳಿಯುತ್ತದೆ.

ಇನ್ನು ಅಳತೆ. 4×5 ಹೋಲ್ಡರಿನಲ್ಲಿ, ಅಂದರೆ ಫಿಲ್ಮ್ ತುಂಬಿ ಕ್ಯಾಮೆರಾದ ಹಿಂದೆ ಸೇರಿಸುವ ಚಪ್ಪಟೆ ಪೆಟ್ಟಿಗೆಯಲ್ಲಿ, ತಳದ ಆಳ 0.197 ಇಂಚು ಇರಬೇಕೆಂಬುದು ಅಮೆರಿಕದ ಮಾನಕ. ಫಿಲ್ಮಿನ ದಪ್ಪ 0.007 ಕಳೆದರೆ ಗಾಜು 0.190 ಇಂಚು, ಅಂದರೆ ಸುಮಾರು 4.83 ಮಿ.ಮೀ. ಆಳದಲ್ಲಿ ಕೂಡಬೇಕು. ಮನೆಯಲ್ಲಿ ಕಟ್ಟುವವರು ಈ ಅಂಕಿಗಿಂತ ತಮ್ಮ ಹೋಲ್ಡರನ್ನೇ ನಂಬುವುದು ಒಳ್ಳೆಯದು. ಹಾಳಾದ ಒಂದು ಫಿಲ್ಮ್ ತುಂಬಿ, ಬೆಳಕು ತಡೆಯುವ ಮುಚ್ಚಳದ ಹಾಳೆ (ಡಾರ್ಕ್ ಸ್ಲೈಡ್) ತೆಗೆದು, ಮೇಲೆ ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು, ವರ್ನಿಯರ್ ಕ್ಯಾಲಿಪರಿನ ಬಾಲದಿಂದ ನಾಲ್ಕು ಮೂಲೆ, ಒಂದು ನಡುವೆ ಆಳ ಅಳೆಯಿರಿ. ಹೋಲ್ಡರ್ ಆತುಕೊಳ್ಳುವ ಮೈಯಿಂದ ಗಾಜಿನ ಮಬ್ಬು ಮೈವರೆಗೂ ಹಾಗೆಯೇ ಅಳೆಯಿರಿ. ಎರಡೂ ಹೊಂದಬೇಕು. ಹಳೆಯ ಪ್ಲೇಟ್ ಹೋಲ್ಡರಿನಲ್ಲಿ ಈಗ ಫಿಲ್ಮ್ ಹಾಕುವವರಿಗಂತೂ ಇದು ತಪ್ಪಿದ್ದಲ್ಲ. ತಗಡಿನ ಕವಚದಲ್ಲಿ ಸೇರಿಸಿದ ಫಿಲ್ಮ್ ಗಾಜಿನ ಪ್ಲೇಟ್ ಕೂಡುತ್ತಿದ್ದ ಜಾಗದಲ್ಲೇ ಕೂಡುತ್ತದೆಂಬ ಖಾತ್ರಿ ಇಲ್ಲ.

ಅಳತೆಯನ್ನು ಚಿತ್ರದಿಂದ ಒರೆಗೆ ಹಚ್ಚಲು ಐದು ಕಡ್ಡಿಪೆಟ್ಟಿಗೆ ಸಾಕು. ಲೆನ್ಸಿನಿಂದ 1 ಮೀಟರ್ ದೂರದಲ್ಲಿ ಪಕ್ಕಪಕ್ಕಕ್ಕೆ, ಒಂದಕ್ಕಿಂತ ಒಂದು 1 ಸೆಂ.ಮೀ. ಹಿಂದೆ ಬರುವಂತೆ ನಿಲ್ಲಿಸಿ. ಅಪರ್ಚರ್ ಪೂರ್ತಿ ತೆರೆದು ನಡುವಿನದರ ಅಕ್ಷರಕ್ಕೆ ಭೂತಗನ್ನಡಿ ಹಿಡಿದು ಫೋಕಸ್ ಮಾಡಿ ಒಂದು ಹಾಳೆ ತೆಗೆಯಿರಿ. ಎಕ್ಸ್‌ರೇ ಫಿಲ್ಮ್ ಕೊಯ್ದು ಹಾಕಿದರೂ ನಡೆದೀತು, 8×10ರ ಒಂದು ಹಾಳೆಯಲ್ಲಿ 4×5ರ ನಾಲ್ಕು ಬರುತ್ತವೆ. ಎರಡೂ ಮೈಗೆ ಲೇಪವಿರುವ ಕಾರಣ ಗೀರು ಬೇಗ ಬೀಳುತ್ತದೆ, ಅಷ್ಟೇ. ನೆಗೆಟಿವ್‌ನಲ್ಲಿ ನಡುವಿನದೇ ಚೂಪಾಗಿದ್ದರೆ ಕೆಲಸ ಮುಗಿಯಿತು. ಕ್ಯಾಮೆರಾಕ್ಕೆ ಹತ್ತಿರದ ಪೆಟ್ಟಿಗೆ ಚೂಪಾಗಿದ್ದರೆ ಫಿಲ್ಮ್ ಗಾಜಿಗಿಂತ ಹಿಂದೆ ಕೂತಿದೆ ಎಂದರ್ಥ. ಗಾಜಿಗೂ ಅದು ಕೂಡುವ ಅಂಚಿಗೂ ನಡುವೆ ಕಾಗದದ ಪಟ್ಟಿ ಇಟ್ಟು ಗಾಜನ್ನು ಹಿಂದಕ್ಕೆ ತನ್ನಿ. 150 ಮಿ.ಮೀ. ಲೆನ್ಸಿನಲ್ಲಿ ಒಂದು ಪೆಟ್ಟಿಗೆಯ ವ್ಯತ್ಯಾಸಕ್ಕೆ 0.3 ಮಿ.ಮೀ., ಅಂದರೆ ಜೆರಾಕ್ಸ್ ಕಾಗದದ ಮೂರು ಪದರ. ದೂರದ ಪೆಟ್ಟಿಗೆ ಚೂಪಾಗಿದ್ದರೆ ಆ ಅಂಚನ್ನೇ ಉಪ್ಪುಕಾಗದದಿಂದ ಅಷ್ಟು ಇಳಿಸಬೇಕು, ಒಂದೊಂದೇ ಎಳೆತ ಎಳೆದು, ನಡುನಡುವೆ ಅಳೆಯುತ್ತ. ಧಾರವಾಡದ ಜುಲೈ ಮಳೆಯಲ್ಲಿ ಈ ಕೆಲಸ ಮಾಡಬೇಡಿ. ಕಟ್ಟಿಗೆ ಉಬ್ಬಿರುತ್ತದೆ, ಅಂದು ಸರಿಯಾದ ಅಳತೆ ಬೇಸಿಗೆಗೆ ತಪ್ಪಾಗುತ್ತದೆ.