ತಾಳಿ, ಉಂಗುರ, ಹಾವು: ನಾಟಕದ ಹೆಂಡತಿಗೆ ಸಾಕ್ಷಿ ಹೇಳುವವರು

ತುಮಕೂರು ಕಡೆ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ನಾಟಕವೂ ಬಂತು. ಬಾಡಿಗೆ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ಒಂಬತ್ತಕ್ಕೆ ಅಂತ ಹೇಳಿ ಹನ್ನೊಂದಕ್ಕೆ ಏಳುವ ಪರದೆ. ಇದರಲ್ಲೊಂದು ತಮಾಷೆಯ ಲೆಕ್ಕವಿದೆ. ಗಂಡು ಪಾತ್ರಗಳಿಗೆ ಊರಿನವರೇ ಕೈಯಿಂದ ದುಡ್ಡು ಹಾಕುತ್ತಾರೆ. ದುರ್ಯೋಧನನಿಗೆ ರೇಟು ಜಾಸ್ತಿ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನ ಕಲಾವಿದೆಯರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ಗಂಡನಾಗೋದು ಶೋಕಿ, ಹೆಂಡತಿಯಾಗೋದು ಕೂಲಿ!

ನಾನು ಮೊದಲು ನೋಡಿದ್ದು ಹರಿಶ್ಚಂದ್ರ ನಾಟಕ, ಗುಬ್ಬಿ ಹತ್ತಿರದ ಒಂದು ಹಳ್ಳಿಯಲ್ಲಿ. ಸ್ಮಶಾನದ ಸೀನು. ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡು ಚಂದ್ರಮತಿ ಅಳುತ್ತಿದ್ದಾಳೆ. ಕಾವಲುಗಾರ ಸುಡಲು ಸುಂಕ ಕೇಳುತ್ತಾನೆ. ಕಾಸಿಲ್ಲ ಅನ್ನುತ್ತಾಳೆ. ಕತ್ತಿನಲ್ಲಿ ತಾಳಿ ಇದೆಯಲ್ಲ, ಅದನ್ನು ಮಾರು ಅನ್ನುತ್ತಾನೆ. ಅವಳ ಅಳು ಗಕ್ಕನೆ ನಿಲ್ಲುತ್ತದೆ. ಆ ತಾಳಿ ಕಾಣುವುದು ಗಂಡನ ಕಣ್ಣಿಗೆ ಮಾತ್ರ, ಅಂದರೆ ಈ ಕಾವಲುಗಾರ ಹರಿಶ್ಚಂದ್ರನೇ! ಪಕ್ಕದಲ್ಲಿ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಟ್ಯೂಬ್‌ಲೈಟ್ ಬೆಳಕಲ್ಲಿ ತಾಳಿ ಫಳಫಳ ಹೊಳೀತಿತ್ತು. 'ನಮಗೂ ಕಾಣ್ತಿದೆಯಲ್ಲಜ್ಜಿ' ಅಂದೆ. ತಲೆ ಮೇಲೆ ಒಂದು ಮೊಟಕಿದಳು.

ಆಮೇಲೆ ಯೋಚಿಸಿದರೆ ಆ ತಾಳಿಗೆ ಎಷ್ಟೊಂದು ಕೆಲಸ! ಗಂಡ ಹೆಂಡತಿಯನ್ನು ಒಂದು ಮಾಡಬೇಕು, ಕಥೆಗೆ ತಿರುವು ಕೊಡಬೇಕು, ಜೊತೆಗೆ ಅವಳು ಪತಿವ್ರತೆ ಅಂತ ಸಾಬೀತೂ ಮಾಡಬೇಕು. ಕಾಶಿಯಲ್ಲಿ ಅವಳನ್ನು ಮಾರಿದ್ದು ಇದೇ ಗಂಡ. ಅದು ಅವನ ಸತ್ಯದ ಲೆಕ್ಕಕ್ಕೆ ಸೇರುತ್ತದೆ. ಸಾಕ್ಷಿ ಕೊಡಬೇಕಾದವಳು ಅವಳು. 13ನೇ ಶತಮಾನದಲ್ಲಿ ರಾಘವಾಂಕ ಷಟ್ಪದಿಯಲ್ಲಿ ಬರೆದ ಈ ಕಥೆ ಇವತ್ತಿಗೂ ಹಳ್ಳಿಯ ರಂಗದ ಮೇಲಿದೆ.

ವಸ್ತುವಿಗೆ ಸಾಕ್ಷಿ ಹೇಳಿಸುವ ಚಾಳಿ ಇನ್ನೂ ಹಳೆಯದು. ಮಹಾಭಾರತದ ಶಕುಂತಲೆಯ ಕಥೆಯಲ್ಲಿ ಉಂಗುರವೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಅಲ್ಲಿ ಅವಳು ತುಂಬಿದ ಸಭೆಯಲ್ಲಿ ರಾಜನ ಜೊತೆ ವಾದಕ್ಕೇ ನಿಲ್ಲುತ್ತಾಳೆ. ಎರಡನ್ನೂ ತಂದವನು ಶಾಕುಂತಲ ನಾಟಕ ಬರೆದ ಕಾಳಿದಾಸ. ಅಲ್ಲಿಗೆ ಮರೆತ ಗಂಡನ ತಪ್ಪು ಶಾಪದ ತಲೆಗೆ ಹೋಯಿತು. ಶಾಪ ಬಂದಿದ್ದಾದರೂ ಯಾಕೆ? ಗಂಡನ ಧ್ಯಾನದಲ್ಲಿ ಕೂತವಳು ಬಾಗಿಲಿಗೆ ಬಂದ ಅತಿಥಿಯನ್ನು ನೋಡಲಿಲ್ಲವಂತೆ. ಗಂಡನನ್ನೂ ನೆನೀಬೇಕು, ಅತಿಥಿಯನ್ನೂ ನೋಡಬೇಕು. ಒಂದರಲ್ಲಿ ನೂರು ಬಂದರೂ ಇನ್ನೊಂದರಲ್ಲಿ ಫೇಲು.

ನಾಲ್ಕನೇ ಅಂಕದಲ್ಲಿ ಕಣ್ವರು ಮಗಳನ್ನು ಕಳಿಸುವಾಗ ಹೇಳುವ ಬುದ್ಧಿಮಾತು ನೋಡಿ. ಹಿರಿಯರ ಸೇವೆ ಮಾಡು. ಸವತಿಯರನ್ನು ಗೆಳತಿಯರ ಹಾಗೆ ಕಾಣು. ಗಂಡ ನೋಯಿಸಿದರೂ ಸಿಟ್ಟಾಗಿ ಎದುರು ನಿಲ್ಲಬೇಡ. ಆಳುಕಾಳಿನ ಮೇಲೆ ಕರುಣೆಯಿರಲಿ, ಭಾಗ್ಯ ಬಂತೆಂದು ಬೀಗಬೇಡ. ಹೀಗೆ ನಡೆದವಳೇ ಗೃಹಿಣಿ, ಉಳಿದವರು ಮನೆತನಕ್ಕೆ ರೋಗ. ಬಸವಪ್ಪ ಶಾಸ್ತ್ರಿಗಳು 1880ರ ದಶಕದಲ್ಲಿ ಶಾಕುಂತಲವನ್ನು ಕನ್ನಡಕ್ಕೆ ತಂದಮೇಲೆ ಈ ಮಾತು ನಮ್ಮ ರಂಗಕ್ಕೂ ಬಂತು. ಮದುವೆ ಮನೆಗಳಲ್ಲಿ ಹೆಣ್ಣು ಒಪ್ಪಿಸುವಾಗ ಹಿರಿಯರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ, ಅಲ್ವಾ? ಸವತಿ ಬಿಟ್ಟುಹೋಗಿದ್ದಾಳೆ, ಅಷ್ಟೇ.

ಅದೇ ಹೊತ್ತಿಗೆ, 1884ರಲ್ಲಿ, ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಗುಬ್ಬಿ ವೀರಣ್ಣನವರು ಸದಾರಮೆ ನಾಟಕದ ಕಳ್ಳನಾಗಿ ಮನೆಮಾತಾದರು. ಜನ ಕಳ್ಳನನ್ನು ನೋಡಲು ಬರುತ್ತಿದ್ದರು, ಸರಿ. ನನಗೆ ಮಾತ್ರ ಸದಾರಮೆಯೇ ಮುಖ್ಯ. ಗಂಡನಿಂದ ಬೇರೆಯಾದವಳು ಕಳ್ಳನಿಗೇ ಚಳ್ಳೆಹಣ್ಣು ತಿನ್ನಿಸಿ, ಗಂಡು ವೇಷ ಹಾಕಿ ಬದುಕಿಕೊಳ್ಳುತ್ತಾಳೆ. ಹೆಂಡತಿಗೆ ಬುದ್ಧಿ ಇರಬಹುದು, ಧೈರ್ಯ ಇರಬಹುದು. ಆದರೆ ಅದನ್ನು ತೋರಿಸಲು ಕಚ್ಚೆಪಂಚೆ ಬೇಕು! ಕಡೆಗೆ ಮತ್ತೆ ಸೀರೆ, ಮತ್ತೆ ಗಂಡನ ಪಕ್ಕ. ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಇದು ಹೇಗಿದ್ದೀತು? ಹೆಣ್ಣಾದ ಗಂಡು, ಮತ್ತೆ ಗಂಡಾದ ಹೆಣ್ಣು. ಮುಂದೆ ಜಯಮ್ಮನವರಂಥ ನಟಿಯರು ಅದೇ ಕಂಪನಿಯ ರಂಗಕ್ಕೆ ಬಂದರು.

ಕೋಲಾರ ಸೀಮೆಯ ಮಾಸ್ತಿಯವರು ಬುದ್ಧನ ಕಥೆಗೆ ಕೈ ಹಾಕಿದಾಗ, ನಡುರಾತ್ರಿ ಎದ್ದು ಹೋದವನ ಹೆಸರು ಬಿಟ್ಟು ಮನೆಯಲ್ಲಿ ಉಳಿದವಳ ಹೆಸರನ್ನೇ ನಾಟಕಕ್ಕಿಟ್ಟರು: ಯಶೋಧರಾ. ಹೆಸರೂ ಒಂದು ತಂತ್ರವೇ.

ಹಳೇ ತಂತ್ರವನ್ನು ತಲೆಕೆಳಗು ಮಾಡಿದ್ದು ಕಾರ್ನಾಡರ ನಾಗಮಂಡಲ, 1988ರಲ್ಲಿ. ಹೆಂಡತಿ ರಾಣಿ, ಆದರೆ ಅವಳಿರುವುದು ಬೀಗ ಹಾಕಿದ ಮನೆಯಲ್ಲಿ. ಗಂಡ ಅಪ್ಪಣ್ಣ, ಮಧ್ಯಾಹ್ನ ಉಂಡು ಹೋಗುವುದಕ್ಕೆ ಬರುತ್ತಾನೆ. ರಾತ್ರಿ ಅವನದೇ ರೂಪದಲ್ಲಿ ನಾಗ ಬರುತ್ತಾನೆ. ಅವಳು ಬಸುರಾದಾಗ ಪಂಚಾಯಿತಿ ಸೇರುತ್ತದೆ. ಹುತ್ತಕ್ಕೆ ಕೈಯಿಟ್ಟು ಹಾವು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲ ಅಂತ ಆಣೆ ಮಾಡುತ್ತಾಳೆ. ಅಕ್ಷರಕ್ಕೆ ಅಕ್ಷರ ನಿಜ! ಹಾವು ಕಚ್ಚುವುದಿಲ್ಲ, ಜನ ಅವಳನ್ನು ದೇವಿ ಅಂತ ಕಾಲಿಗೆ ಬೀಳುತ್ತಾರೆ. ಚಂದ್ರಮತಿಯ ತಾಳಿ ಮಾಡಿದ ಕೆಲಸವನ್ನೇ ಇಲ್ಲಿ ಹಾವು ಮಾಡಿದೆ. ಆದರೆ ನಾವು ಪ್ರೇಕ್ಷಕರು ಈ ಸಲ ಅಳುವುದಿಲ್ಲ. ಗುಟ್ಟು ನಮಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ.

ಈಚೆಗೆ ಒಂದು ರಾತ್ರಿ ಮತ್ತೆ ಹರಿಶ್ಚಂದ್ರ ನೋಡಲು ಹೋಗಿದ್ದೆ. ಪರದೆ ಹಿಂದೆ ಚಂದ್ರಮತಿಯ ಪಾತ್ರದವರು ತಮ್ಮ ತಾಳಿ ಸರವನ್ನು ರವಿಕೆ ಒಳಗೆ ಸೇರಿಸಿ ಪಿನ್ನು ಹಾಕಿಕೊಳ್ಳುತ್ತಿದ್ದರು. ಮೇಲೆ ನಾಟಕದ ತಾಳಿ, ದೂರಕ್ಕೆ ಕಾಣುವಷ್ಟು ದಪ್ಪದ್ದು. 'ಎರಡೂ ಕಂಡ್ರೆ ಜನ ನಗ್ತಾರೆ' ಅಂದರು. ನಾಳೆ ಎಲ್ಲಿ ಅಂತ ಕೇಳಿದೆ. ತಿಪಟೂರು ಕಡೆ, ಕುರುಕ್ಷೇತ್ರ, ದ್ರೌಪದಿ ಅಂತೆ.

'ಅದಕ್ಕೂ ಇದೇ ತಾಳಿನಾ?'

'ದ್ರೌಪದಿ ತಾಳಿ ಯಾರ್ ನೋಡ್ತಾರೆ? ಜಡೆ ಬಿಚ್ಕೊಂಡ್ರೆ ಸಾಕು.'