ಚರ್ಮ ದಾಟುವ ಔಷಧ: ಪಟ್ಟಿಯ ಅಂಟಿನಿಂದ ಕರಗುವ ಸೂಜಿಯವರೆಗೆ

ಬಾವು ಬಂದ ಜಾಗಕ್ಕೆ ಪಟ್ಟು ಹಾಕುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಆದರೆ ಹಚ್ಚಿದ್ದೆಲ್ಲ ಒಳಗಿಳಿಯುವುದಿಲ್ಲ. ಸತ್ತ ಜೀವಕೋಶಗಳನ್ನು ಕೊಬ್ಬಿನ ಗಾರೆಯಿಂದ ಜೋಡಿಸಿ ಕಟ್ಟಿದಂತಿರುವ ಚರ್ಮದ ಹೊರಪದರವು ಮೈಯ ಬಹುಭಾಗದಲ್ಲಿ ಕೇವಲ 10ರಿಂದ 20 ಮೈಕ್ರೋಮೀಟರ್ ದಪ್ಪವಿದ್ದರೂ, ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುತೂಕದ ಅಳತೆ) ದೊಡ್ಡ ಅಣುಗಳನ್ನು ಬಹುಮಟ್ಟಿಗೆ ಹೊರಗೇ ತಡೆಯುತ್ತದೆ.

1979ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಔಷಧ ಪಟ್ಟಿ ಈ ತಡೆಯನ್ನು ಒಡೆಯಲಿಲ್ಲ, ಅದಕ್ಕೆ ಹೊಂದಿಕೊಂಡಿತು. ಪ್ರಯಾಣದ ವಾಕರಿಕೆಗೆಂದು ಕಿವಿಯ ಹಿಂದೆ ಅಂಟಿಸುವ ಆ ಪಟ್ಟಿಯಲ್ಲಿದ್ದ ಸ್ಕೋಪೊಲಮೈನ್ ಚಿಕ್ಕ ಅಣು. ಮೂರು ದಿನ ನಿಧಾನವಾಗಿ ಒಳಸೇರುತ್ತಿತ್ತು. ಮುಂದೆ ಬಂದ, ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಮತ್ತು ಧೂಮಪಾನ ಬಿಡಿಸುವ ನಿಕೋಟಿನ್ ಪಟ್ಟಿಗಳದ್ದೂ ಇದೇ ಕಥೆ. ಸುಮಾರು 5,800 ಡಾಲ್ಟನ್ ತೂಗುವ ಇನ್ಸುಲಿನ್‌ಗಾಗಲಿ, ಲಸಿಕೆಗಳಿಗಾಗಲಿ ಆ ದಾರಿ ತೆರೆಯಲಿಲ್ಲ.

ಹಾಗಾದರೆ ಗೋಡೆಯನ್ನೇ ಚುಚ್ಚಬಾರದೇಕೆ? ಈ ವಿಚಾರಕ್ಕೆ 1976ರಲ್ಲೇ ಪೇಟೆಂಟ್ ದೊರೆತಿತ್ತು. ಆದರೆ ಕೂದಲೆಳೆಯಂಥ ಸೂಜಿಗಳನ್ನು ಸಾಲಾಗಿ ಕೊರೆಯುವ ತಂತ್ರ ಕೈಗೆಟುಕಿ, ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಸಿಲಿಕಾನ್ ಸೂಜಿಗಳಿಂದ ಚರ್ಮದ ತಡೆಯನ್ನು ದಾಟಿ ತೋರಿಸಿದ್ದು 1998ರಲ್ಲಿ. ಸಿಲಿಕಾನ್ ತುದಿ ಒಳಗೇ ಮುರಿದುಳಿದರೆ ಗತಿಯೇನೆಂಬ ಆತಂಕವೇ ನೈಸರ್ಗಿಕ ಪಾಲಿಮರ್‌ಗಳನ್ನು, ಅಂದರೆ ಜೀವಿಗಳಲ್ಲಿ ಸಿಗುವ ಉದ್ದ ಸರಪಳಿಯಂಥ ಅಣುಗಳನ್ನು, ಈ ಕ್ಷೇತ್ರದ ನಡುವೆ ತಂದಿತು ಎನ್ನಬಹುದು. ಸೂಜಿಯೇ ಕರಗುವಂತಿದ್ದರೆ ಮುರಿಯುವ ಭಯವೂ ಇಲ್ಲ, ಬಳಸಿದ ಸೂಜಿಯ ವಿಲೇವಾರಿಯ ತೊಡಕೂ ಇಲ್ಲ.

1934ರಲ್ಲಿ ದನದ ಕಣ್ಣಿನಿಂದ ಮೊದಲು ಬೇರ್ಪಡಿಸಿದ, ನಮ್ಮ ಚರ್ಮದಲ್ಲೂ ಇರುವ ಹಯಲುರಾನಿಕ್ ಆಮ್ಲದ ಸೂಜಿಗಳು ಜಪಾನ್, ಕೊರಿಯಾಗಳಲ್ಲಿ ಮುಖದ ಸುಕ್ಕಿಗೆ ಹಚ್ಚುವ ಪಟ್ಟಿಗಳಾಗಿ ಮಾರಾಟವಾದವು; ಔಷಧಕ್ಕಿಂತ ಸೌಂದರ್ಯಕ್ಕೆ ಬಾಗಿಲು ಬೇಗ ತೆರೆಯುತ್ತದೆ. ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಧನ ಆವೇಶ ಹೊತ್ತಿರುವುದರಿಂದ ಋಣ ಆವೇಶದ ಚರ್ಮಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ರೇಷ್ಮೆಯ ಮಾತು ಕನ್ನಡಿಗರಿಗೆ ಹತ್ತಿರದ್ದು. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗುವಂಥದ್ದೇ ಗೂಡನ್ನು ಪ್ರಯೋಗಾಲಯದಲ್ಲಿ ಸೋಡಾ ದ್ರಾವಣದಲ್ಲಿ ಕುದಿಸಿ, ಸೆರಿಸಿನ್ ಎಂಬ ಅಂಟನ್ನು ಕಳೆದು, ಉಳಿದ ಫೈಬ್ರಾಯಿನ್ ಎಳೆಯನ್ನು ಲಿಥಿಯಂ ಬ್ರೋಮೈಡ್ ಎಂಬ ಲವಣದ ದ್ರಾವಣದಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಆ ಪ್ರೋಟೀನಿನ ಹರಳು ರಚನೆಯನ್ನು ಹೆಚ್ಚಿಸಿದಷ್ಟೂ ಔಷಧ ಹೊರಬರುವ ವೇಗ ತಗ್ಗುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ತಂಡಗಳು ದಶಕಕ್ಕೂ ಹಿಂದೆಯೇ ಇಂಥ ರೇಷ್ಮೆ ಸೂಜಿಗಳನ್ನು ರೂಪಿಸಿವೆ.

ನೈಸರ್ಗಿಕವೆಂದ ಮಾತ್ರಕ್ಕೆ ನಿರಪಾಯವೆಂದು ನಂಬುವುದು ಸರಿಯಲ್ಲ. ಚಿಪ್ಪಿನ ಮೂಲ, ಋತು, ಶುದ್ಧೀಕರಣದ ಕ್ರಮ ಬದಲಾದರೆ ಕೈಟೋಸಾನಿನ ಅಣುತೂಕವೂ ಬದಲಾಗುತ್ತದೆ; ಆದರೆ ಪ್ರತಿ ಬಾರಿ ತಯಾರಾದ ಸರಕೂ ಒಂದೇ ಸಮನಾಗಿರಬೇಕೆಂಬುದು ಔಷಧ ನಿಯಂತ್ರಕರ ಪಟ್ಟು. ಇನ್ನೊಂದು ಮಿತಿ ಗಾತ್ರದ್ದು: ಒಂದು ಮಿಲಿಮೀಟರಿಗೂ ಕಡಿಮೆ ಉದ್ದದ ಸೂಜಿತುದಿಗಳಲ್ಲಿ ಹಿಡಿಸುವುದು ಅತ್ಯಲ್ಪ ಔಷಧ. ಹೀಗಾಗಿ ನೂರಾರು ಮಿಲಿಗ್ರಾಂ ಬೇಕಾಗುವ ಮಾತ್ರೆಗಳ ಬದಲು, ಸ್ವಲ್ಪವೇ ಸಾಕಾಗುವ ಲಸಿಕೆಗಳತ್ತ ಗಮನ ಹರಿದಿದೆ. ಗ್ಯಾಂಬಿಯಾದಲ್ಲಿ 45 ವಯಸ್ಕರು, 120 ಪುಟ್ಟ ಮಕ್ಕಳು, 120 ಶಿಶುಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ದಡಾರ–ರುಬೆಲ್ಲಾ ಲಸಿಕೆಯ ಪ್ರಯೋಗದಲ್ಲಿ ಬಳಸಿದ್ದು ಇಂಥ ಕರಗುವ ಸೂಜಿಗಳ ಪಟ್ಟಿಯನ್ನೇ.